ಕಪ್ಪಾಗಿ ಬಂದ ಫೋಟೋ

ರಾಯಲ್ಪಾಡಿನ ನನ್ನ ದೊಡ್ಡಮ್ಮ ಹುಡುಗಿಯಾಗಿದ್ದಾಗ ಅಲ್ಲಿನ ಮಾವಿನ ತೋಪಿನಲ್ಲಿ ಒಂದು ತೆಲುಗು ಸಿನಿಮಾದ ಹಾಡಿನ ಶೂಟಿಂಗ್ ನಡೆದಿತ್ತು. ಗುಂಪಿನಲ್ಲಿ ಅವಳನ್ನೂ ನಿಲ್ಲಿಸಿದ್ದರಂತೆ. ಆ ವಯಸ್ಸಿನ ಅವಳ ಫೋಟೋ ಮನೆಯಲ್ಲಿ ಒಂದೂ ಇಲ್ಲ. ಈ ಬೇಸಿಗೆಯಲ್ಲಿ ಆ ಸಿನಿಮಾ ನನ್ನ ಮೊಬೈಲಿನ ಆ್ಯಪಿನಲ್ಲಿ ಸಿಕ್ಕಿತು. ಅದೇ ತೋಪಿನಲ್ಲಿ ಕೂತು ಇಬ್ಬರೂ ನೋಡಿದೆವು. ಪರದೆಯ ಒಳಗೂ ಹೊರಗೂ ಎಲೆಗಳ ನಡುವಿನಿಂದ ಬಿಸಿಲು ಸೋರುತ್ತಿತ್ತು. ಯಾವುದು ಯಾವ ಕಾಲದ್ದೆಂದು ಒಂದು ಗಳಿಗೆ ನನಗೆ ತಿಳಿಯಲಿಲ್ಲ.

"ಅಗೋ, ನಾನೇ ಕಣೇ!" ಎಂದಳು. ಎರಡು ಜಡೆಯ ಹುಡುಗಿಯೊಬ್ಬಳು ಕೊಂಬೆ ಹಿಡಿದು ನಗುತ್ತಿದ್ದಳು. ಅಲ್ಲೇ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದೆ. ಬರೀ ಕಪ್ಪು ಬಂತು. ಮತ್ತೆ ತೆಗೆದರೂ ಕಪ್ಪೇ.

"ಕಾಪಿ ಮಾಡೋಕೆ ಬಿಡಲ್ಲ ದೊಡ್ಡಮ್ಮ, ಹಕ್ಕು ಸಿನಿಮಾದವರದು. ತಿಂಗಳ ಕೊನೆಗೆ ಆ್ಯಪಿಂದ ಸಿನಿಮಾನೇ ತೆಗೆದುಹಾಕ್ತಾರಂತೆ."

"ಮುಖ ನಂದು, ಹಕ್ಕು ಅವರದಾ?" ದೊಡ್ಡಮ್ಮ ನಕ್ಕಳು. "ಇನ್ನೊಂದ್ ಸಲ ಹಾಕು."

ಹಾಡು ಶುರುವಾದಾಗ ಮೆಲ್ಲಗೆ ಎದ್ದು, ಕೈಗೆಟುಕಿದ ಕೊಂಬೆ ಹಿಡಿದು ಹಾಗೆಯೇ ನಿಂತಳು. ನಾನು ಹಾಡು ನಿಲ್ಲಿಸಿ ಅವಳ ಫೋಟೋ ತೆಗೆದೆ.

ಈಗ ಹುಡುಕಿದರೆ ಆ ಸಿನಿಮಾ ಸಿಗುವುದಿಲ್ಲ. ದೊಡ್ಡಮ್ಮ ಮಾತ್ರ ಬಂದವರಿಗೆಲ್ಲ ಆ ಫೋಟೋ ತೋರಿಸಿ, "ಹಾಡಲ್ಲಿ ಹಿಂಗೇ ನಿಂತಿದ್ದೆ" ಅನ್ನುತ್ತಾಳೆ.