‘ದೊಡ್ಡದು ಮಾಡು’ ಎಂದರೆ

ಮುಂಬಯಿಯ ಭಾಂಡುಪಿನ ನಮ್ಮ ಮನೆಯ ಊಟದ ಮೇಜಿನ ಸುತ್ತ ಆ ಭಾನುವಾರ ಬೆಳಿಗ್ಗೆ ಮೂವರಿದ್ದೆವು: ನಾನು, ನನ್ನ ಹೆಂಡತಿ ಸುಮಿತ್ರಾ, ಮಗಳು ವೀಣಾ. ಮೂಲೆಯ ದೇವರ ಗೂಡಿನಲ್ಲಿ ಪೂಜೆಯ ಹಿತ್ತಾಳೆ ದೀಪ ಇನ್ನೂ ಉರಿಯುತ್ತಿತ್ತು. ಮೇಜಿನ ನಡುವೆ, ಬಚ್ಚಲುಮನೆ ರಿಪೇರಿಯಲ್ಲಿ ಉಳಿದ ಟೈಲೊಂದರ ಮೇಲೆ, ಸುಮಿತ್ರಾಳ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಬೆನ್ನು ಬಿಚ್ಚಿಸಿಕೊಂಡು ರೋಗಿಯಂತೆ ಮಲಗಿತ್ತು.

ಪೆಟ್ಟಿಗೆ ಮೂಕವಾಗಿತ್ತು. ಒಳಗಿನ ಚಿಪ್ಪೊಂದು ಸತ್ತಿದೆ, ಬಿಸಾಡಿ ಹೊಸದು ತಗೊಳ್ಳಿ ಎಂದಿದ್ದರು ಅಂಗಡಿಯವರು. ಫೋನಿನಲ್ಲೇ ತಂಬೂರಿ ನುಡಿಯುತ್ತದೆ ಎಂದಿದ್ದಳು ಮಗಳು. “ನುಡೀಲಿ ಬಿಡೇ,” ಎಂದಳು ಸುಮಿತ್ರಾ. “ಭಜನೆ ಮಧ್ಯೆ ಯಾವನೋ ಫೋನ್ ಮಾಡಿ ಲೋನ್ ಬೇಕಾ ಅಂದ್ರೆ, ಷಡ್ಜದಲ್ಲೇ ಬೇಡ ಅನ್ಲಾ?” ನಗೆಯ ಹಿಂದಿನ ನಿಜ ನನಗೆ ಗೊತ್ತಿತ್ತು. ವಯಸ್ಸಿನೊಂದಿಗೆ ಅವಳ ದನಿ ಇಳಿದಿದೆ. ಪೆಟ್ಟಿಗೆಯ ತಿರುಗುಗುಂಡಿ ನಿಲ್ಲುತ್ತಿದ್ದದ್ದು ಎರಡು ಗುರುತುಗಳ ನಡುವೆ, ಅವಳ ಗಂಟಲಿಗೆ ಮಾತ್ರ ಗೊತ್ತಿದ್ದ ಒಂದು ಜಾಗದಲ್ಲಿ. ಫೋನಿನಲ್ಲಿ ಆ ಜಾಗ ಅವಳಿಗೆ ಸಿಗುತ್ತಿರಲಿಲ್ಲ. “ಇದು ಹಾಡದಿದ್ರೆ ನಾನೂ ಹಾಡೋಲ್ಲ ರೀ. ಶನಿವಾರದ ಭಜನೇಲಿ ಹಿಂದೆ ಕೂತು ತಾಳ ಹಾಕ್ತೀನಿ,” ಎಂದುಬಿಟ್ಟಳು. ಹಿಂದಿನ ಸಾಲಿಗೆ ಹೋದವರು ಮುಂದಿನ ಸಾಲಿಗೆ ಮರಳಿದ್ದನ್ನು ನಾನಂತೂ ಕಂಡಿಲ್ಲ, ಗೆಳೆಯರೇ. ಆ ‘ಬಿಸಾಡಿ’ ಎಂಬ ಮಾತಿಗೆ ತಲೆಬಾಗಬಾರದೆಂದು ಅಂದೇ ಹಟ ತೊಟ್ಟೆ. ಎಲೆಕ್ಟ್ರಾನಿಕ್ ಸಾಮಾನಿನ ಪೇಟೆಯಾದ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಬಿಸಿಗಾಳಿಯಲ್ಲಿ ಬೆಸುಗೆ ಹಾಕುವ ಯಂತ್ರವನ್ನೂ, ತೊಗರಿಬೇಳೆಯಷ್ಟು ದೊಡ್ಡ ಹೊಸ ಚಿಪ್ಪನ್ನೂ ಹೊತ್ತು ತಂದೆ.

ಬೇಳೆಯಷ್ಟೇ ಆದರೂ ಅದಕ್ಕೆ ಜರಿಹುಳುವಿನಂತೆ ಸಾಲುಗಾಲುಗಳು. ಮಾಮೂಲಿ ಬೆಸುಗೆ ಕಡ್ಡಿಯ ಮೊನೆಯಿಂದ ಒಂದು ಕಾಲು ಬಿಡಿಸುವಷ್ಟರಲ್ಲಿ ಇನ್ನೊಂದು ಅಂಟಿರುತ್ತದೆ. ಎಲ್ಲಕ್ಕೂ ಒಟ್ಟಿಗೆ ಬಿಸಿಯುಸಿರು ತಾಗಬೇಕು. ಯಂತ್ರ ನಮ್ಮಜ್ಜಿಯ ಊದುಗೊಳವೆಯ ವಂಶದ್ದೇ, ಆದರೆ ಬೆಂಕಿಗೆ ಗಾಳಿ ಕೊಡುವ ಬದಲು ಗಾಳಿಗೇ ಬೆಂಕಿ ಕೊಡುತ್ತದೆ. ವಿಕ್ರೋಳಿಯ ಕಚೇರಿಯಲ್ಲಿ ನಾಲ್ಕು ಜನರನ್ನು ಆಳುವ ವೀಣಾ ಇಲ್ಲೂ ಅಧಿಕಾರ ವಹಿಸಿಕೊಂಡಳು. ಸಾಗಾಟದಲ್ಲಿ ಪಂಪು ಅಲುಗದಿರಲೆಂದು ಯಂತ್ರದ ಹೊಟ್ಟೆಗೆ ಬಿಗಿದಿದ್ದ ಸ್ಕ್ರೂಗಳನ್ನು ಮೊದಲು ಬಿಚ್ಚಿಸಿದಳು. ಹೊಗೆ ಹೋಗಲೆಂದು ಕಿಟಕಿ ತೆರೆದಳು. ಚಿಪ್ಪು ಪಕ್ಕದ ಬಿಲ್ಡಿಂಗಿಗೆ ಹಾರದಿರಲೆಂದು ಫ್ಯಾನು ನಿಲ್ಲಿಸಿದಳು. ನೈಲಾನ್ ಸೀರೆಯುಟ್ಟ ಅಮ್ಮನನ್ನು ಮೇಜಿನಾಚೆಗೆ ಗಡೀಪಾರು ಮಾಡಿದಳು. ರೊಟ್ಟಿ ಸುತ್ತುವ ಬೆಳ್ಳಿಹಾಳೆಯಿಂದ ಚಿಪ್ಪಿನ ನೆರೆಹೊರೆಗೆಲ್ಲ ಮುಸುಕು ಹಾಕಿದಳು.

ಬಲಗೈಯಲ್ಲಿ ಬಿಸಿಗಾಳಿಯ ಹಿಡಿ, ಎಡಗೈಯಲ್ಲಿ ಚಿಮಟ. ಪ್ರದಕ್ಷಿಣೆ ಹಾಕಿದಂತೆ ಮೇಲಿನಿಂದ ಸುತ್ತಿಸುತ್ತಿದ್ದಾಗ ಬೆಸುಗೆ ಹೊಳೆದು ನೀರಾಯಿತು, ಸತ್ತ ಚಿಪ್ಪು ಸಲೀಸಾಗಿ ಮೇಲೆದ್ದಿತು. ಹಿಗ್ಗಿನಲ್ಲಿ, ಎರಡೂ ಕೈ ತುಂಬಿದ್ದ ನಾನು ಕೂಗಿದೆ: “ವೀಣಾ, ದೊಡ್ಡದು ಮಾಡು!”

ಅವಳು ಯಂತ್ರದ ಉರಿಯ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದಳು.

ಪೆಟ್ಟಿಗೆಯೊಳಗಿನ ಬೋರ್ಡು ಕಂದಿತು. ಒಂದು ತಾಮ್ರದ ಗೆರೆ ಸಿಪ್ಪೆಯಂತೆ ಎದ್ದಿತು, ಪಕ್ಕದ ಪ್ಲಾಸ್ಟಿಕ್ ಸಾಕೆಟ್ಟು ಮುಸುಕಿನೊಳಗೇ ಹಪ್ಪಳದಂತೆ ಸೊಟ್ಟಗಾಯಿತು. ನಾನು ಹಿಡಿಯನ್ನು ಅದರ ಗೂಟಕ್ಕೆ ಸಿಕ್ಕಿಸಿದೆ. ಗೋಡೆಯ ಸ್ವಿಚ್ಚಿನತ್ತ ಧಾವಿಸಿದ ಸುಮಿತ್ರಾಳ ಕೈಯನ್ನು ವೀಣಾ ತಡೆದಳು. “ಅಮ್ಮಾ, ಅಲ್ಲಿಂದ ನಹೀ! ಪೆಹ್ಲೇ ತಣ್ಣಗೆ ಆಗ್ಬೇಕು!” ಯಂತ್ರದ ಸ್ವಂತ ಸ್ವಿಚ್ಚನ್ನು ಒತ್ತಿದಳು. ಪಂಪು ಮಾತ್ರ ನಿಲ್ಲದೆ, ತಣ್ಣನೆಯ ಗಾಳಿಯನ್ನು ಊದುತ್ತಲೇ ಇತ್ತು.

“ದೊಡ್ಡದು ಮಾಡು ಅಂದ್ರೆ ಆರಿಸು ಅಂತ ಕಣೇ!” ಎಂದೆ.

“ದೊಡ್ಡದು ಮತ್ಲಬ್ ಬಡಾ ನಾ, ಅಪ್ಪಾ? ಬಡಾ ಮತ್ಲಬ್ ಬಂದ್ ಯಾವಾಗ ಆಯ್ತು?”

ದೀಪವನ್ನು ಆರಿಸು ಎನ್ನುವುದು ಅಶುಭವೆಂದು ನಮ್ಮಜ್ಜಿ ‘ದೊಡ್ಡದು ಮಾಡು’ ಎನ್ನುತ್ತಿದ್ದಳು, ಒಮ್ಮೊಮ್ಮೆ ‘ಶಾಂತ ಮಾಡು’ ಎನ್ನುತ್ತಿದ್ದಳು. ಅವಳಿಂದ ಕಲಿತ ನಾಲಿಗೆ ನನ್ನದು. ಮಗಳ ಕಿವಿಯಾದರೋ ಲೋಕಲ್ ರೈಲಿನ ಹಿಂದಿಯಲ್ಲಿ ಬೆಳೆದದ್ದು.

“ಆಯ್ತಲ್ಲ, ಯಂತ್ರಾನೂ ಕಟ್ಟಿಡಿ, ನಿಮ್ಮಜ್ಜಿ ಕನ್ನಡಾನೂ ಕಟ್ಟಿಡಿ,” ಎಂದು ಸುಮಿತ್ರಾ ಒಳಗೆ ಹೋದಳು. “ಸಿಂಪಲ್, ಅಪ್ಪಾ. ಇನ್ನು ಮೇಲೆ ಆಫ್ ಅನ್ನಿ,” ಎಂದಳು ಮಗಳು.

ಅನ್ನುವುದಿಲ್ಲ ಎಂದೆ. ಬರಿಯ ಮೊಂಡಾಟ ಎನ್ನುತ್ತೀರೋ? ಆ ಪಂಪಿನ ಸದ್ದನ್ನು ನನ್ನೊಂದಿಗೆ ಕೂತು ಕೇಳಿದ್ದರೆ ನೀವೂ ಹಾಗೆನ್ನುತ್ತಿರಲಿಲ್ಲ. ಸ್ವಿಚ್ಚು ಒತ್ತಿಯಾಗಿತ್ತು, ಕಾವು ಹೋಗಿರಲಿಲ್ಲ. ಗೋಡೆಯಿಂದಲೇ ಕತ್ತರಿಸಿದ್ದರೆ ಒಳಗೆ ಸಿಕ್ಕಿಬಿದ್ದ ಉರಿ ತನ್ನ ಒಡಲನ್ನೇ ಸುಡುತ್ತಿತ್ತು. ಬಿಸಿಯಾದದ್ದು ಯಾವುದೂ ಥಟ್ಟನೆ ಆಫ್ ಆಗುವುದಿಲ್ಲ. ಯಂತ್ರವಾಗಲಿ, ಮನಸ್ಸಾಗಲಿ, ಎಷ್ಟೋ ವರ್ಷ ಮುಂದಿನ ಸಾಲಿನಲ್ಲಿ ಹಾಡಿದ ಗಂಟಲಾಗಲಿ. ಅದು ಶಾಂತವಾಗಬೇಕು, ಆಗುವವರೆಗೆ ಪಕ್ಕದಲ್ಲಿ ಯಾರಾದರೂ ಕಾದಿರಬೇಕು. ‘ಬಂದ್ ಕರೋ’, ‘ಬಿಸಾಡಿ’, ‘ಆಫ್’ ಎಂದು ಒಂದೇ ಏಟಿಗೆ ಮುಗಿಸುವ ಈ ಊರಿನ ಅವಸರಕ್ಕೆ ಸಿಗದ ಮಾತು ಅಜ್ಜಿಯ ಬಾಯಲ್ಲಿತ್ತು. ತಪ್ಪು ಮಾತಿನದಲ್ಲ, ಅದನ್ನು ಮಗಳಿಗೆ ಕಲಿಸದ ಮನೆಯದು. ಅದಕ್ಕೆ ಮದ್ದು ಕಲಿಸುವುದೇ ಹೊರತು ಬಿಸಾಡುವುದಲ್ಲ. ಆದರೂ ಉರಿಯ ಮುಂದೆ ಇಬ್ಬರಿಗೂ ಒಂದೇ ಅರ್ಥವಾಗುವ ಮಾತು ಬೇಕೆಂಬ ಮಗಳ ವಾದವನ್ನು ಒಪ್ಪಿದೆ. ಯಂತ್ರಕ್ಕೆ ‘ಶಾಂತ’, ದೀಪಕ್ಕೆ ‘ದೊಡ್ಡದು’ ಎಂದು ರಾಜಿಯಾಯಿತು.

ಮುಂದಿನ ಭಾನುವಾರ ಮತ್ತೆ ಟೈಲು ಹಾಸಿದೆವು. ಹರಿದ ಗೆರೆಯ ಜಾಗಕ್ಕೆ ಕೂದಲೆಳೆಯ ತಂತಿ, ಸೊಟ್ಟ ಸಾಕೆಟ್ಟಿಗೆ ಬದಲಿ. ಹೊಸ ಚಿಪ್ಪು ತನ್ನ ಸಾಲುಗಾಲೂರಿ ಕೂತಿತು. “ಶಾಂತ,” ಎಂದೆ. “ಶಾಂತ,” ಎಂದು ವೀಣಾ ಸ್ವಿಚ್ಚು ಒತ್ತಿದಳು. ಇಬ್ಬರೂ ಕೂತು ಪಂಪು ತಾನಾಗಿ ನಿಲ್ಲುವವರೆಗೆ ಕಾದೆವು. ಬೋರ್ಡು ತಣಿದ ಮೇಲೆ ಪೆಟ್ಟಿಗೆಗೆ ಕರೆಂಟು ಕೊಟ್ಟಾಗ ಅದು ಒಂದು ಸಲ ಕೆಮ್ಮಿ, ನುಡಿಯಿತು. ಅಡುಗೆಮನೆಯಿಂದ ಬಂದ ಸುಮಿತ್ರಾ ಗುಂಡಿಯನ್ನು ತನ್ನ ಜಾಗಕ್ಕೆ ತಿರುಗಿಸಿದಳು.

ಅದರ ನಂತರದ ಶನಿವಾರದ ಭಜನೆ ನಮ್ಮ ಮನೆಯಲ್ಲೇ ನಡೆಯಿತು. ಸುಮಿತ್ರಾ ಮುಂದಿನ ಸಾಲಿನಲ್ಲಿ ಕೂತು ಹಾಡಿದಳು. ಬಂದವರೆಲ್ಲ ಹೊರಟ ಮೇಲೆ, “ದೀಪ ದೊಡ್ಡದು ಮಾಡಮ್ಮ,” ಎಂದಳು ಮಗಳಿಗೆ. ವೀಣಾ ಒಂದು ಹೂವೆತ್ತಿಕೊಂಡು ಹಿತ್ತಾಳೆ ದೀಪದ ಬತ್ತಿಯ ಮೇಲೆ ಮೆಲ್ಲಗೆ ಒತ್ತಿದಳು. ಶ್ರುತಿಪೆಟ್ಟಿಗೆ ಇನ್ನೂ ನುಡಿಯುತ್ತಿತ್ತು, ಸುಮಿತ್ರಾ ಅದರೊಂದಿಗೆ ಗುನುಗುತ್ತಿದ್ದಳು. ವೀಣಾ ಅದರ ಸ್ವಿಚ್ಚು ಮುಟ್ಟಲಿಲ್ಲ. ಪಕ್ಕದಲ್ಲಿ ಕೂತು ಕಾದಳು.