ವೆನಿಸ್ಸಿನಲ್ಲಿ ಕಳೆದುಹೋದ ಗಂಡ

ನನ್ನ ಹೆಂಡತಿಯ ಫೋನ್ ನಂಬರು ನನಗೆ ಬಾಯಿಪಾಠವಿಲ್ಲ. ಮೊದಲ ಸಾಲಿನಲ್ಲೇ ಹೀಗೆ ಹೇಳಿಬಿಟ್ಟರೆ ನೀವು ನನ್ನನ್ನು ಏನೆಂದುಕೊಳ್ಳುತ್ತೀರೋ ಎಂಬ ಅಳುಕು ಇದ್ದೇ ಇದೆ. ಆದರೆ ನೀವೂ ಒಮ್ಮೆ ಕಣ್ಣು ಮುಚ್ಚಿ ನಿಮ್ಮವರ ನಂಬರು ಹೇಳಿ ನೋಡಿ, ಆಮೇಲೆ ಬೈಯಿರಿ. ಊರಿನ ಮನೆಯ ಹಳೆಯ ಲ್ಯಾಂಡ್‌ಲೈನ್ ನಂಬರು, ಎಂದೋ ಮಾರಿದ ನನ್ನ ಮೊದಲ ಸ್ಕೂಟರಿನ ನಂಬರು, ಇವನ್ನೆಲ್ಲ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಲವೀನಾಳ ನಂಬರಿನ ಅಗತ್ಯವೇ ಬಿದ್ದಿರಲಿಲ್ಲ. ಫೋನ್ ಮಾಡಬೇಕಾದರೆ ಅವಳು ದೂರ ಇರಬೇಕಲ್ಲ?

ನಾವು ಉಡುಪಿ ಕಡೆಯ ಕೊಂಕಣಿ ಮನೆಮಾತಿನ ಕ್ರಿಶ್ಚಿಯನ್ನರು. ಮದುವೆಯಾದ ವರ್ಷವೇ ಕುವೈತಿಗೆ ಬಂದವರು ಇಲ್ಲೇ ಅರ್ಧ ಮುದುಕರಾಗಿದ್ದೇವೆ. ನನಗೆ ಇಲ್ಲಿನ ರಾಯ್‌ನಲ್ಲಿ ಏಸಿ ಬಿಡಿಭಾಗಗಳ ಶೋರೂಮಿನಲ್ಲಿ ಕೆಲಸ, ಲವೀನಾಳಿಗೆ ಮಿರ್ಕಾಬಿನ ಒಂದು ಆಫೀಸಿನಲ್ಲಿ ಅಕೌಂಟ್ಸ್. ಎಗೈಲಾದ ಫ್ಲ್ಯಾಟಿನಿಂದ ಬೆಳಿಗ್ಗೆ ಒಂದೇ ಕಾರಿನಲ್ಲಿ ಹೊರಡುತ್ತೇವೆ, ಸಂಜೆ ಅದೇ ಕಾರಿನಲ್ಲಿ ಮರಳುತ್ತೇವೆ. ಭಾನುವಾರ ಇಲ್ಲಿ ಕೆಲಸದ ದಿನವಾದ್ದರಿಂದ ನಮ್ಮ ಭಾನುವಾರದ ಪೂಜೆ ಶುಕ್ರವಾರವೇ ನಡೆಯುತ್ತದೆ, ಅದಕ್ಕೂ ಒಟ್ಟಿಗೆ. ಪೂಜೆ ಮುಗಿಸಿ ಮೀನಿಗೂ ಒಟ್ಟಿಗೆ. ಮದುವೆಯ ದಿನ ಪಾದ್ರಿಗಳು ಇನ್ನು ನೀವು ಇಬ್ಬರಲ್ಲ, ಒಬ್ಬರೇ ಎಂಬರ್ಥದ ಮಾತು ಹೇಳಿದ್ದರು. ಅದನ್ನು ನಮ್ಮಷ್ಟು ಅಕ್ಷರಶಃ ಪಾಲಿಸಿದವರು ಊರಿನಲ್ಲಿ ಯಾರೂ ಇರಲಿಕ್ಕಿಲ್ಲ.

ಮಗಳು ಕಲಿಯಲು ಮಂಗಳೂರಿಗೆ ಹೋದ ಮೇಲೆ ಮನೆ ತಣ್ಣಗಾಯಿತು. ಆಗ ಲವೀನಾ, "ನಾವು ಯುರೋಪು ನೋಡುವ" ಅಂದಳು. ಅಂದಿನಿಂದ ವರ್ಷಕ್ಕೊಂದು ಸಲ ವೀಸಾದ ಸಾಲಿನಲ್ಲಿ ನಿಂತು ಹೋಗಿಬರುತ್ತೇವೆ. ಈ ನೋಡುವ ವಿಷಯದಲ್ಲಿ ನನ್ನದೊಂದು ಪದ್ಧತಿಯಿದೆ. ಶೋರೂಮಿನಲ್ಲಿ ಸ್ಟಾಕ್ ಎಣಿಸುವ ಹಾಗೆ ನಾನು ಊರುಗಳನ್ನು ನೋಡುತ್ತೇನೆ. ಇದು ಉಂಟಾ, ಉಂಟು; ಒಂದು ಫೋಟೋ; ಮುಂದಿನದಕ್ಕೆ ನಡೆ. ಲವೀನಾಳಾದರೋ ಯಾರದೋ ಕಿಟಕಿಯ ಹೂವಿನ ಕುಂಡದ ಮುಂದೆ ನಿಂತುಬಿಡುತ್ತಾಳೆ. ರೋಮಿನ ಆ ದೊಡ್ಡ ಬಯಲು ರಂಗಮಂದಿರದಲ್ಲಿ ಅವಳು ಒಂದು ಕಲ್ಲಿನ ಮೇಲೆ ಕುಳಿತು ಸುತ್ತ ನೋಡುತ್ತಿದ್ದಾಗ ನಾನು ಬಾಗಿಲಿನಿಂದಲೇ, "ಖಲಾಸ್, ನೋಡಿ ಆಯ್ತಲ್ಲ, ಯಲ್ಲಾ!" ಎಂದು ಕೂಗಿದ್ದೆ. ಯಲ್ಲಾ ಎಂದರೆ ಅರಬ್ಬಿಯಲ್ಲಿ ನಡಿ, ಹೊರಡು. ಪಕ್ಕದಲ್ಲಿದ್ದ ಒಂದು ಅರಬ್ಬೀ ಕುಟುಂಬ ತಮ್ಮನ್ನೇ ಕರೆದರೆಂದು ಎದ್ದು ನಿಂತಿತು. ಲವೀನಾ ಕೊನೆಗೆ ಎದ್ದಳು. ಅವಳು ಯಾವಾಗಲೂ ಏಳುತ್ತಾಳೆ. ಆದ್ದರಿಂದ ನನ್ನ ಪದ್ಧತಿ ಸರಿಯಾಗಿದೆ ಎಂದೇ ನಾನು ತಿಳಿದಿದ್ದೆ.

ಕಳೆದ ಡಿಸೆಂಬರಿನ ಮೊದಲ ವಾರ ವೆನಿಸ್ಸಿಗೆ ಹೋದೆವು. ಕ್ರಿಸ್ಮಸ್ಸಿನ ದೀಪಗಳನ್ನು ಕ್ರಿಸ್ಮಸ್ಸಿನ ಸೀಮೆಯಲ್ಲೇ ನೋಡಬೇಕೆಂಬುದು ಅವಳ ಆಸೆ. ಹಬ್ಬಕ್ಕೆ ಮಾತ್ರ ಕುವೈತಿಗೆ ವಾಪಸಾಗಬೇಕೆಂಬುದು ಇಬ್ಬರ ಆಸೆ. ಊರಿನೊಳಗಿನ ಹೋಟೆಲುಗಳು ನಮಗಲ್ಲ ಎಂದು ರೈಲಿನಲ್ಲಿ ಸ್ವಲ್ಪ ದೂರದ ಮೆಸ್ತ್ರೆಯಲ್ಲಿ ಉಳಿದುಕೊಂಡಿದ್ದೆವು.

ಕುವೈತಿನಲ್ಲಿ ಕಾರು ಓಡಿಸಿದವನಿಗೆ ದಾರಿ ತಪ್ಪುವುದೆಂದರೆ ಏನೆಂದೇ ಮರೆತುಹೋಗುತ್ತದೆ. ಇಲ್ಲಿ ವರ್ತುಲ ರಸ್ತೆಗಳಿಗೆ ನಂಬರು, ಬ್ಲಾಕಿಗೆ ನಂಬರು, ಬೀದಿಗೆ ನಂಬರು. ಸಾಲದ್ದಕ್ಕೆ ಸಮುದ್ರ ಯಾವಾಗಲೂ ಒಂದೇ ಕಡೆ ಇರುತ್ತದೆ. ವೆನಿಸ್ಸಿನಲ್ಲಿ ಸಮುದ್ರ ಎಲ್ಲ ಕಡೆಯೂ ಇದೆ. ಒಂದು ಓಣಿ ಹಿಡಿದು ಹೊರಟರೆ ಅದು ಸೇತುವೆ ಹತ್ತಿ ಇಳಿದು, ಎರಡು ಗೋಡೆಗಳ ನಡುವೆ ಸೊಂಟ ಸಣ್ಣ ಮಾಡಿಕೊಂಡು, ಕೊನೆಗೆ ನೀರಿಗೆ ಮುಟ್ಟಿ ಸುಮ್ಮನಾಗಿಬಿಡುತ್ತದೆ. ಆದರೂ ಮೊದಲ ದಿನವೇ ನಾನು ಲವೀನಾಳಿಗೆ ಧೈರ್ಯ ಹೇಳಿದ್ದೆ: "ನೀನು ಹೆದರ್ಬೇಡ. ನಾನು ಒಮ್ಮೆ ನಡೆದ ದಾರಿ ಮರೆಯುವವ ಅಲ್ಲ."

ಎರಡನೆಯ ದಿನ ದೊಡ್ಡ ಇಗರ್ಜಿಯಲ್ಲಿ ಬೆಳಗಿನ ಪೂಜೆಗೆ ಹೋದೆವು. ಒಳಗೆ ಹೋಗುವ ಮೊದಲು ಎರಡೂ ಫೋನುಗಳನ್ನು ಸೈಲೆಂಟ್ ಮಾಡಿದೆವು. ಕುವೈತಿನ ಮಾಲಿನಲ್ಲಿ ಈ ಚಳಿಗೆಂದೇ ಕೊಂಡ ನನ್ನ ಹೊಸ ಕೋಟಿನ ಜೇಬುಗಳು ಬರಿಯ ಶೋಕಿಗೆ ಇದ್ದವು, ಬಾಯಿಗೆ ಹೊಲಿಗೆ. ಹಾಗಾಗಿ ನನ್ನ ಫೋನೂ ಅವಳ ಬ್ಯಾಗು ಸೇರಿತು. ಪೂಜೆ ಮುಗಿಸಿ ಓಣಿಗಳಲ್ಲಿ ತಿರುಗುತ್ತಿರುವಾಗ ಗಾಜಿನ ಸಾಮಾನಿನ ಒಂದು ಅಂಗಡಿ ಬಂತು. ಅವಳು ಒಳಗೆ ಹೋದಳು. ಬಿಲ್ಲಿನಷ್ಟೇ ಭಯ ನನಗೆ ನನ್ನ ಮೊಣಕೈಯದೂ ಇದ್ದುದರಿಂದ ನಾನು ಹೊರಗೇ ನಿಂತೆ. ನಿಂತೆ, ನಿಂತೆ, ನಿಂತೇ ಇದ್ದೆ. ಕೊನೆಗೆ ಮೊಣಕೈಗಳನ್ನು ಮಡಚಿಕೊಂಡು ಒಳಗೆ ಹೋಗಿ ನೋಡಿದರೆ ಅಂಗಡಿಗೆ ಹಿಂದುಗಡೆ ಇನ್ನೊಂದು ಬಾಗಿಲು, ಆಚೆ ಇನ್ನೊಂದು ಓಣಿ. ಲವೀನಾ ಇಲ್ಲ.

ಆ ಓಣಿಯಲ್ಲಿ ಓಡಿದೆ. ಅದು ಎರಡಾಯಿತು, ಎರಡು ಮೂರಾಯಿತು. ವಾಪಸು ಬಂದು ನೋಡಿದರೆ ಗಾಜಿನಂಗಡಿಯೂ ಮಾಯ. ಅಥವಾ ಎಲ್ಲವೂ ಅದೇ ಗಾಜಿನಂಗಡಿ. ಒಂದು ಸೇತುವೆಯ ಬುಡದಲ್ಲಿ ಕೊಡೆ ಮಾರುತ್ತಿದ್ದ ಬಾಂಗ್ಲಾದೇಶದವನೊಬ್ಬ ನನ್ನ ಮುಖ ನೋಡಿ, "ಕ್ಯಾ ಹುವಾ, ಭಾಯಿ?" ಎಂದು ಕೇಳಿದಾಗ ಅವನನ್ನು ಅಪ್ಪಿಕೊಳ್ಳುವುದೊಂದು ಬಾಕಿ. ಅವನು ಫೋನು ತೆಗೆದು, "ಬೀವಿ ಕಾ ನಂಬರ್ ಬೋಲೋ" ಅಂದ. ನಾನು ಬಾಯಿ ತೆರೆದೆ, ಮುಚ್ಚಿದೆ. ಅವನು ಬಹಳ ಮೃದುವಾಗಿ, "ನಯಾ ಶಾದೀ?" ಎಂದು ಕೇಳಿದ.

ಕೊನೆಗೆ ನನ್ನದೇ ನಂಬರಿಗೆ ಮಾಡಿಸಿದೆ. ನನ್ನ ಫೋನು ಅವಳ ಬ್ಯಾಗಿನಲ್ಲೇ ಇದೆಯಲ್ಲ! ಆ ಉಪಾಯ ಹೊಳೆದ ನನ್ನ ತಲೆಯನ್ನು ನಾನೇ ಮೆಚ್ಚಿಕೊಂಡೆ. ರಿಂಗ್ ಆಯಿತು, ಯಾರೂ ಎತ್ತಲಿಲ್ಲ. ಇನ್ನೊಮ್ಮೆ ಮಾಡಿದ, ಎತ್ತಲಿಲ್ಲ. ಸೈಲೆಂಟ್ ಮಾಡಿದ್ದು ನೆನಪಾಯಿತು. ಅವನು ಗೋಡೆಯ ಮೇಲಿನ ಬಾಣದ ಗುರುತುಗಳನ್ನು ತೋರಿಸಿ, ಇವನ್ನೇ ಹಿಡಿದು ಹೋದರೆ ರೈಲು ನಿಲ್ದಾಣ, ಅವರೂ ಅಲ್ಲಿಗೇ ಬರುತ್ತಾರೆ ಎಂದು ಸಮಾಧಾನ ಮಾಡಿ ಕಳಿಸಿದ.

ನಿಲ್ದಾಣದ ಎದುರು ಅಗಲವಾದ ಮೆಟ್ಟಿಲುಗಳಿವೆ, ಅವುಗಳ ಮುಂದೆಯೇ ಕಾಲುವೆ. ಅಲ್ಲಿ ಕುಳಿತು ನಾನು ಬರುವ ಪ್ರತಿ ದೋಣಿಯನ್ನೂ ನೋಡಿದೆ. ಇಳಿಯುವ ಹೆಂಗಸರೆಲ್ಲ ಒಂದು ಗಳಿಗೆ ಲವೀನಾ ಆಗಿ, ಮರುಗಳಿಗೆ ಬೇರೆಯಾಗುತ್ತಿದ್ದರು. ಅಲ್ಲಲ್ಲಿ ನೀರು ಕಾಲುದಾರಿಯ ಮಟ್ಟಕ್ಕೇ ಇತ್ತು, ಅವಳಿಗೆ ಈಜು ಬರುವುದಿಲ್ಲ. ಮಗಳಿಗೆ ಏನೆಂದು ಫೋನ್ ಮಾಡಲಿ, ಯಾವ ಫೋನಿನಲ್ಲಿ ಮಾಡಲಿ? ಎಗೈಲಾದ ಫ್ಲ್ಯಾಟಿನ ಬಾಗಿಲು ನಾನೊಬ್ಬನೇ ತೆಗೆಯುವುದು ಹೇಗಿರುತ್ತದೆ ಎಂದು ಯೋಚಿಸಿದೆ. ಯೋಚಿಸಬಾರದಿತ್ತು. ಚಳಿಗೆ ಕೈ ಇಡೋಣವೆಂದರೆ ಜೇಬಿಗೆ ಹೊಲಿಗೆ. ಪಕ್ಕದಲ್ಲಿ ಬ್ರೆಡ್ಡು ತಿನ್ನುತ್ತಿದ್ದ ಒಂದು ಜೋಡಿ ನನ್ನನ್ನು ನೋಡಿ ಅರ್ಧ ಬ್ರೆಡ್ಡು ಕೊಡಲು ಬಂತು. ಅಷ್ಟು ಪಾಪ ಕಾಣುತ್ತಿದ್ದೆ.

ಹೊತ್ತು ಮುಳುಗುವಾಗ ಒಂದು ದೋಣಿಯಿಂದ ಅವಳು ಇಳಿದಳು. ಕೂದಲು ಕೆದರಿತ್ತು, ಕೆನ್ನೆ ಕೆಂಪಾಗಿತ್ತು. ಅಪ್ಪಿಕೊಳ್ಳಬೇಕಾದವನು ನಾನು ಗದರಿದೆ.

"ಎಲ್ಲಿ ಹೋದದ್ದು ನೀನು?"

"ನೀನು ಎಲ್ಲಿ ಹೋದದ್ದು? ಹುಡುಕಿ ಹುಡುಕಿ ಸಾಕಾಯ್ತು" ಅಂದು ಅವಳು ನನ್ನ ಕೈ ಹಿಡಿದುಕೊಂಡಳು. ಅವಳ ಕೈ ಬೆಚ್ಚಗಿತ್ತು. ಅವಳ ಮುಖದಲ್ಲಿ ಇಷ್ಟು ಸಂತೋಷವನ್ನು ನಾನು ಬಹಳ ಕಾಲದಿಂದ ನೋಡಿರಲಿಲ್ಲ. ಗಂಡ ಸಿಕ್ಕಿದ ಸಂತೋಷ ಎಂದುಕೊಂಡು, ಹೆಮ್ಮೆಯಿಂದ ಒಂದು ಪೊಟ್ಟಣ ಬಿಸಿ ಬಿಸಿ ಚೆಸ್ಟ್‌ನಟ್ ತೆಗೆಸಿಕೊಟ್ಟೆ.

ಕುವೈತಿನಲ್ಲಿ ಕ್ರಿಸ್ಮಸ್ಸಿಗೆ ರಜೆಯಿಲ್ಲ, ಕೇಳಿ ತೆಗೆದುಕೊಳ್ಳಬೇಕು. ಆದರೆ ಡಿಸೆಂಬರಿನ ಚಳಿ ಶುರುವಾದೊಡನೆ ಬಾಲ್ಕನಿಗಳಲ್ಲಿ ನಕ್ಷತ್ರಗಳು ಹತ್ತಿಕೊಳ್ಳುತ್ತವೆ, ಲಿಫ್ಟಿನಲ್ಲಿ ಕರಿದ ಎಣ್ಣೆಯ ಪರಿಮಳ ಮೇಲೆ ಕೆಳಗೆ ಓಡಾಡುತ್ತದೆ. ಹಬ್ಬಕ್ಕೆ ಮುಂಚಿನ ಒಂದು ಶುಕ್ರವಾರ ನಮ್ಮಲ್ಲಿ ಕುಸ್ವಾರ್ ಮಾಡುತ್ತೇವೆ. ಕುಸ್ವಾರ್ ಎಂದರೆ ಹಬ್ಬದ ತಿಂಡಿಗಳ ಒಟ್ಟು ಹೆಸರು. ಅದಕ್ಕೆ ಪ್ರತಿವರ್ಷ ಕೆಳಗಿನ ಫ್ಲ್ಯಾಟಿನ ಜಯಂತಣ್ಣ ಮತ್ತು ಶೋಭಕ್ಕ ಬರುತ್ತಾರೆ. ಕಾರ್ಕಳ ಕಡೆಯ ತುಳುವರು. ಜಯಂತಣ್ಣ ಹೋಟೆಲೊಂದರ ಮ್ಯಾನೇಜರು. ಶೋಭಕ್ಕ ಕನ್ನಡ ಎಂ.ಎ. ಮಾಡಿದವರು, ರಜಾದಿನಗಳಲ್ಲಿ ಇಲ್ಲಿನ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಾರೆ. ಮಕ್ಕಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ.

ಅಂದು ಜಯಂತಣ್ಣ ಚಾಪೆಯ ಮೇಲೆ ಕುಳಿತು, ಹೊಸ ಬಾಚಣಿಗೆಯ ಮೇಲೆ ಹಿಟ್ಟಿನ ಉಂಡೆ ಒತ್ತಿ ಸುರುಳಿ ಮಾಡುತ್ತಿದ್ದರು. ನಾನು ನೇವ್ರಿ, ಅಂದರೆ ಕರಿಗಡುಬು, ಕರಿಯುತ್ತ ವೆನಿಸ್ಸಿನ ಕತೆ ಹೇಳುತ್ತಿದ್ದೆ. ಅಷ್ಟರಲ್ಲಾಗಲೇ ಹಲವರಿಗೆ ಹೇಳಿದ್ದರಿಂದ ಕತೆ ಚೆನ್ನಾಗಿ ಪಳಗಿತ್ತು. ಅದರಲ್ಲಿ ಲವೀನಾ ಒಂದು ಕಂಬ ಹಿಡಿದು ಅಳುತ್ತಿದ್ದಳು.

ಶೋಭಕ್ಕ ತೆಂಗಿನಕಾಯಿ ಹೂರಣ ತುಂಬುತ್ತ, "ಅದಿರ್ಲಿ ಲವೀನಾ, ಆ ಬೋಟಿನ ಫೋಟೋ ಒಮ್ಮೆ ನಮ್ಮ ಇವರಿಗೂ ತೋರ್ಸು ಮಾರಾಯ್ತಿ. ಎಷ್ಟು ಚಂದ ಬಂದಿದೆ" ಅಂದರು.

"ಯಾವ ಬೋಟು?" ಅಂದೆ.

ಶೋಭಕ್ಕ ನಾಲಿಗೆ ಕಚ್ಚಿಕೊಂಡರು. ಲವೀನಾ ಕೈ ಒರೆಸಿಕೊಂಡು ಫೋನು ತಂದು ನನ್ನ ಮುಂದೆ ಹಿಡಿದಳು. ದೋಣಿಯ ಮೂತಿಯಲ್ಲಿ ನಿಂತಿದ್ದಾಳೆ, ಹಿಂದೆ ಅರಮನೆಗಳು, ಶಾಲು ಗಾಳಿಗೆ ಹಾರುತ್ತಿದೆ. ಬಾಯಿತುಂಬ ನಗು. ಕಂಬವೂ ಇಲ್ಲ, ಅಳುವೂ ಇಲ್ಲ.

"ಮೊದಲು ಹುಡುಕಿದ್ದು ನಿಜ" ಅಂದಳು. "ಅಳು ಬಂದದ್ದೂ ನಿಜ. ಆಮೇಲೆ ಬ್ಯಾಗಲ್ಲಿ ನಿನ್ನ ಫೋನು ನಡುಗಿತು. ಯಾವುದೋ ಅಲ್ಲಿಯ ನಂಬರು. ನೀನೇ ಅಂತ ಗೊತ್ತಾಯ್ತು. ಫೋನ್ ಮಾಡುವವ ನೀರಿಗೆ ಬೀಳ್ಲಿಲ್ಲ ಅಂತ ಧೈರ್ಯ ಬಂತು."

"ಮತ್ತೆ ಎತ್ತಲಿಲ್ಲ ಎಂತಕ್ಕೆ?"

"ಎತ್ತಿದ್ರೆ ನೀನು ಯಲ್ಲಾ ಅಂತಿದ್ದಿ."

ಜಯಂತಣ್ಣ ಕೆಮ್ಮಿ, "ಸಿರಿಲ್, ನಿಮ್ಮ ನೇವ್ರಿ ಕರಟ್ತಾ ಉಂಟು" ಅಂದರು. ವಾತಾವರಣ ತಿಳಿಮಾಡಲು ಶೋಭಕ್ಕ ಪಾಠ ಶುರುಮಾಡಿದರು. ಪ್ರವಾಸ ಎಂಬ ಮಾತಿಗೆ ಹಿಂದೆ ಊರು ಸುತ್ತುವ ಅರ್ಥವೇ ಇರಲಿಲ್ಲವಂತೆ. ಮನೆ ಬಿಟ್ಟು ದೂರ ಇರುವುದೇ ಪ್ರವಾಸ. ಹಳೆಯ ಅಲಂಕಾರಶಾಸ್ತ್ರದಲ್ಲಿ ಅದು ವಿರಹದ ಒಂದು ಬಗೆ. ನಾಯಕ ದೂರದೇಶಕ್ಕೆ ಹೋಗುತ್ತಾನೆ, ನಾಯಕಿ ಕಾಯುತ್ತಾಳೆ, ಶೃಂಗಾರ ಅದರಿಂದಲೇ ಪುಷ್ಟಿಯಾಗುತ್ತದೆ. "ನೀವಿಬ್ರು ಇಷ್ಟು ವರ್ಷ ವಿರಹ ಇಲ್ಲದೆ ಪ್ರವಾಸ ಮಾಡಿದ್ದು. ಶಾಸ್ತ್ರದ ಪ್ರಕಾರ ಮೊನ್ನೆಯದ್ದೇ ಮೊದಲನೆಯದ್ದು" ಅಂದರು. ಜಯಂತಣ್ಣ ಜೋರಾಗಿ ನಕ್ಕರು. ನಾನೂ ನಕ್ಕೆ, ಹಲ್ಲಿನವರೆಗೆ.

ಮುಂದಿನ ಕೆಲವು ದಿನ ಕಾರಿನಲ್ಲಿ ರೇಡಿಯೋ ಒಂದೇ ಮಾತಾಡಿತು. ನನಗೆ ನೋವಾದದ್ದು ಅವಳು ಸುತ್ತಾಡಿದ್ದಕ್ಕಲ್ಲ. ನಾನು ಮೆಟ್ಟಿಲಿನ ಮೇಲೆ ಪ್ರಾಣ ಕೈಯಲ್ಲಿ ಹಿಡಿದು ಕುಳಿತಿದ್ದಾಗ ಅವಳು ಅಷ್ಟು ಚೆನ್ನಾಗಿ ನಗುತ್ತಿದ್ದಳಲ್ಲ, ಅದಕ್ಕೆ. ಆ ನಗುವಿನಲ್ಲಿ ನಾನೆಲ್ಲೂ ಇರಲಿಲ್ಲ.

ಕ್ರಿಸ್ಮಸ್ಸಿನ ದಿನ ಪೂಜೆ ಮುಗಿದು ಇಗರ್ಜಿಯ ಅಂಗಳದಲ್ಲಿ ಜನ ಕಿಕ್ಕಿರಿದಿದ್ದರು. ಎಲ್ಲರೂ ಎಲ್ಲರ ಕೈ ಕುಲುಕುತ್ತಿದ್ದರು. ಆ ಗದ್ದಲದ ನಡುವೆ ಲವೀನಾ ನನ್ನ ತೋಳು ಹಿಡಿದು ನಿಲ್ಲಿಸಿದಳು.

"ನಿನಗೆ ಬೇಜಾರಾಗಿದೆ, ಗೊತ್ತುಂಟು. ಫೋನ್ ಎತ್ತದೆ ಇದ್ದದ್ದು ತಪ್ಪೇ. ಆದ್ರೆ ಹೋದದ್ದಕ್ಕೆ ಸುಳ್ಳು ಸುಳ್ಳೇ ಸಾರಿ ಹೇಳ್ಲಿಕ್ಕೆ ನನಗೆ ಆಗುದಿಲ್ಲ, ಸಿರಿಲ್. ಅದೊಂದು ಮಧ್ಯಾಹ್ನ ನನಗೆ ಭಾರೀ ಖುಷಿ ಆಗಿತ್ತು."

"ಎತ್ತಿ ಅಷ್ಟು ಹೇಳಿದ್ರೆ ಸಾಕಿತ್ತಲ್ಲ?"

"ಹೇಳಿದ್ರೆ ನೀನು ಬಿಡ್ತಿದ್ಯಾ?"

ಹಬ್ಬದ ದಿನ, ಅದೂ ಇಗರ್ಜಿಯ ಅಂಗಳ. "ಇಲ್ಲ" ಅಂದೆ. ಅವಳಿಗೆ ನಗು ಬಂತು. ಅವಳು ನಕ್ಕದ್ದು ನೋಡಿ ನನಗೂ ಬಂತು, ಈ ಸಲ ಹಲ್ಲಿಗಿಂತ ಒಳಗಿನಿಂದ.

ಈದ್ ರಜೆಗೆ ವಿಯೆನ್ನಾಕ್ಕೆ ಹೋದೆವು. ಊಟದವರೆಗೆ ಜೊತೆಗೆ, ಊಟದ ನಂತರ ಅವರವರ ಪಾಡಿಗೆ ಎಂದು ಒಪ್ಪಂದವಾಗಿತ್ತು. ಅವಳು ಕೈಬೀಸಿ ಒಂದು ತಿರುವಿನಲ್ಲಿ ಮರೆಯಾದಾಗ ನಾನು ನನ್ನ ಪದ್ಧತಿಯಂತೆ ದಾಪುಗಾಲು ಹಾಕಿದೆ. ಸ್ವಲ್ಪ ಹೊತ್ತಿನಲ್ಲೇ ನಿಂತುಬಿಟ್ಟೆ. ಹಿಂದೆ ಉಳಿಯುವವರು ಯಾರೂ ಇಲ್ಲದಿದ್ದರೆ ಮುಂದೆ ಓಡುವುದಕ್ಕೆ ಅರ್ಥವೇ ಇರುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ಎದುರಿಗೆ ಬಂದ ಟ್ರಾಮ್ ಹತ್ತಿ ಕೊನೆಯ ನಿಲ್ದಾಣದವರೆಗೆ ಸುಮ್ಮನೆ ಕುಳಿತೆ. ಅಲ್ಲೊಂದು ಉದ್ಯಾನದಲ್ಲಿ ಇಬ್ಬರು ಮುದುಕರು ಚದುರಂಗ ಆಡುತ್ತಿದ್ದರು. ಒಬ್ಬ ಅತ್ತ ತಿರುಗಿದಾಗ ಇನ್ನೊಬ್ಬ ಒಂದು ಕಾಯಿ ಸರಿಸಿ ನನ್ನ ಕಡೆ ಕಣ್ಣು ಮಿಟುಕಿಸಿದ. ಆಟ ಮುಗಿಯುವವರೆಗೂ ಅಲ್ಲೇ ಇದ್ದೆ. ಮೋಸ ಮಾಡಿದವನೇ ಸೋತ.

ಸಂಜೆ ಮೊದಲೇ ಗೊತ್ತು ಮಾಡಿದ್ದ ಒಂದು ಸೂಪಿನಂಗಡಿಯಲ್ಲಿ ಸೇರಿದೆವು. ಲವೀನಾ ಕೈಚೀಲ ಕೆಳಗಿಟ್ಟು, ಗಲ್ಲಕ್ಕೆ ಕೈಯಾನಿಸಿ ಕೇಳಿದಳು: "ಎಂತ ನೋಡಿದ್ದು ನೀನು?"

ಇಷ್ಟು ವರ್ಷದಲ್ಲಿ ನಾವು ಒಬ್ಬರನ್ನೊಬ್ಬರು ಈ ಪ್ರಶ್ನೆ ಕೇಳಿಯೇ ಇರಲಿಲ್ಲ. ಅವಳು ನೋಡಿದ್ದನ್ನೇ ನಾನು ನೋಡಿದ್ದೆ, ನಾನು ನೋಡಿದ್ದನ್ನೇ ಅವಳು, ಹೇಳಿಕೊಳ್ಳಲು ಉಳಿದದ್ದೇನು? ನಾನು ಮುದುಕರ ಕತೆ ಶುರುಮಾಡಿದೆ. ಕಣ್ಣು ಮಿಟುಕಿಸಿದ ಜಾಗಕ್ಕೆ ಬಂದಾಗ ಅವಳು ಚಮಚವನ್ನು ಬಟ್ಟಲಿಗೆ ಬಿಟ್ಟು, ಕುರ್ಚಿಯನ್ನು ಸ್ವಲ್ಪ ಹತ್ತಿರ ಎಳೆದುಕೊಂಡಳು.

"ಹೌದಾ? ಮತ್ತೆ?"