ಚಿಕ್ಕಮ್ಮನ ಎಡ ಸೊಂಟ

ನಮ್ಮ ಚಿಕ್ಕಮ್ಮ ನಡೆಯುವಾಗ ಬಲಕ್ಕೆ ವಾಲುತ್ತಿದ್ದಳು. ಎಡ ಸೊಂಟ ಹೊರಗೆ ಚಾಚಿಕೊಂಡಿತ್ತು. ಆ ಜಾಗದಲ್ಲಿ ಅವಳ ಸೀರೆಗಳೆಲ್ಲ ಸವೆದು ಬಣ್ಣ ಬಿಟ್ಟಿರುತ್ತಿದ್ದವು. ಹತ್ತು ದಾಟಿದ ಮಗನನ್ನು ಆ ಸೊಂಟದ ಮೇಲೆ ಕೂರಿಸಿಕೊಂಡೇ ಅವಳು ಒಲೆ, ಹಿತ್ತಿಲು, ಬೀದಿ ಬಾಗಿಲು ಎಲ್ಲ ಸುತ್ತುತ್ತಿದ್ದಳು. "ಇಳ್ಸೇ, ಬೆನ್ನು ಮುರ್ಕೊಂಡೀಯ" ಎಂದು ನನ್ನಮ್ಮ ಗದರಿದರೆ, "ಇಳ್ಸಿದ್ರೆ ಅವ್ನು ಏನ್ ನೋಡ್ಬೇಕು ಹೇಳಕ್ಕ? ಗೋಡೆ ನೋಡ್ಕೊಂಡು ಕೂರ್ಬೇಕಾ?" ಎನ್ನುತ್ತಿದ್ದಳು.

ತರೀಕೆರೆಯ ನಮ್ಮಮ್ಮನ ತವರಿನಿಂದ ಅವಳನ್ನು ಅಜ್ಜಂಪುರದ ಬೆಲ್ಲದ ಮಂಡಿಯವರ ಮನೆಗೆ ಕೊಟ್ಟಿದ್ದರು. ಮಗ ಹುಟ್ಟಿ ನಾಲ್ಕೈದು ವರ್ಷಕ್ಕೆ ಅವನ ಮೀನಖಂಡಗಳು ದಪ್ಪಗೆ, ಕಲ್ಲಿನ ಹಾಗೆ ಗಟ್ಟಿಯಾದವು. ಮಂಡಿಗೆ ಬಂದ ಹಮಾಲರು ಹಿಸುಕಿ ನೋಡಿ, "ಏನವ್ವಾ, ಪೈಲ್ವಾನನ್ನೇ ಹೆತ್ತಿದೀಯ!" ಎನ್ನುತ್ತಿದ್ದರು. ಚಿಕ್ಕಮ್ಮ ಹಿಗ್ಗಿ ಹೀರೇಕಾಯಿಯಾಗಿ ಬೆಣ್ಣೆ ತಿನ್ನಿಸಿದ್ದೂ ತಿನ್ನಿಸಿದ್ದೇ. ಹುಡುಗ ನೆಲದಿಂದ ಏಳುವಾಗ ಮೊಣಕಾಲಿಗೆ ಕೈಯೂರಿ, ತನ್ನ ಮೈಯನ್ನೇ ಹತ್ತುವವನಂತೆ ಏಳುತ್ತಿದ್ದ. ಅದಕ್ಕೂ ನಕ್ಕೆವು.

ಎಪ್ಪತ್ತರ ದಶಕದ ನಡುವೆ ನನಗೆ ಯೂನಿವರ್ಸಿಟಿಯ ಮೆಡಿಕಲ್ ಕಾಲೇಜೊಂದರಲ್ಲಿ ಸಂಶೋಧನಾ ಸಹಾಯಕಿಯ ಕೆಲಸ ಸಿಕ್ಕಿತು. ಅಲ್ಲಿನ ಪ್ರೊಫೆಸರ್ ಸ್ನಾಯುಗಳ ಕಾಯಿಲೆಯ ಮೇಲೆ ಕೆಲಸ ಮಾಡುತ್ತಿದ್ದರು. ಒಂದು ದಿನ ವಾರ್ಡಿನಲ್ಲಿ ಯಾರದೋ ಮಗುವಿನ ಕಾಲು ತೋರಿಸಿ, "ನೋಡೋಕೆ ಗಟ್ಟಿ, ಒಳಗೆಲ್ಲ ಬರೀ ಕೊಬ್ಬು. ಇನ್ನು ಸ್ವಲ್ಪ ವರ್ಷಕ್ಕೆ ನಡಿಗೆ ನಿಲ್ಲುತ್ತೆ" ಅಂದರು. ನನ್ನ ಕಣ್ಣಿಗೆ ಅದು ನಮ್ಮ ಪೈಲ್ವಾನನ ಕಾಲೇ.

ನಾನು ಹೇಳಿಕಳಿಸಿದ್ದೇ ತಡ, ಚಿಕ್ಕಮ್ಮ ಮಗನನ್ನು ಹೊತ್ತುಕೊಂಡು ರೈಲು ಹತ್ತಿ ಬಂದಳು. ಪ್ರೊಫೆಸರ್ ಒಳ್ಳೆಯವರೇ. "ನಿಮ್ಮ ಮಗನ್ನ ನಾವು ಸ್ಟಡಿ ಮಾಡ್ತೀವಮ್ಮ" ಅಂದರು. ಚಿಕ್ಕಮ್ಮ ನನ್ನ ಮುಖ ನೋಡಿದಳು. ನಾನು, "ಓದ್ತಾರಂತೆ ಚಿಕ್ಕಮ್ಮ" ಅಂದೆ. ಆ ಮಾತನ್ನು ಅವಳು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಳು. ಓದು ಅಂದಮೇಲೆ ಒಂದು ದಿನ ಮುಗಿಯಬೇಕು, ಮುಗಿದಮೇಲೆ ಮಗ ಎದ್ದು ನಿಲ್ಲಬೇಕು. ಅವಳ ಲೆಕ್ಕ ಅಷ್ಟೇ. ಮುಂದೆ ಬಂದಾಗಲೆಲ್ಲ, "ಎಲ್ಲಿಗೆ ಬಂತು ಸ್ವಾಮಿ ಓದು?" ಎಂದು ಕೇಳುತ್ತಿದ್ದಳು. "ನಡೀತಾ ಇದೆ ತಾಯಿ" ಎಂದು ಅವರು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಒಮ್ಮೆ ಹುಡುಗನ ಕಾಲಿನಿಂದ ಸ್ನಾಯುವಿನ ಚೂರೊಂದನ್ನು ತೆಗೆದರು. ಅವನು ಕಿರುಚಿಕೊಂಡ. ಚಿಕ್ಕಮ್ಮ ಅವನ ಮುಖವನ್ನು ಹೊಟ್ಟೆಗೆ ಒತ್ತಿಕೊಂಡು, "ಚೂರು ಕೊಟ್ಬಿಡು ನನ್ ಕಂದಾ, ಪಾಪ, ಅವ್ರಿಗೆ ಓದೋಕೆ ಬೇಕಂತೆ" ಅಂದಳು. ಪಕ್ಕದಲ್ಲಿದ್ದ ವಿದ್ಯಾರ್ಥಿಯೊಬ್ಬ "ಇಂಟರೆಸ್ಟಿಂಗ್ ಕೇಸ್" ಅಂದ. ಅವನ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು ನನಗೆ. ಬಾರಿಸಿದ್ದರೂ ಏನಾಗುತ್ತಿತ್ತು?

ಆಮೇಲೆ ಅವಳ ರಕ್ತವನ್ನೂ ಪರೀಕ್ಷಿಸಿದರು. ಕಾಯಿಲೆ ತಾಯಿಯ ಕಡೆಯಿಂದ ಬಂದಿದೆ ಎಂದು ಪ್ರೊಫೆಸರ್ ಮೆತ್ತಗೆ ಹೇಳಿದರು. ಚಿಕ್ಕಮ್ಮ ಕೇಳಿದಳು: "ಹಾಲಲ್ಲಿ ಬಂತಾ ಸ್ವಾಮಿ? ಮೂರು ವರ್ಷ ಕುಡಿಸ್ಬಿಟ್ನಲ್ಲ ನಾನು."

ಪ್ರೊಫೆಸರ್ ಕಿಟಕಿಯ ಕಡೆ ತಿರುಗಿದರು. ಹಾಲಲ್ಲ, ಹುಟ್ಟುವ ಮೊದಲೇ ಬಂದದ್ದು, ನಿನ್ನ ತಪ್ಪಲ್ಲ ಎಂದೆಲ್ಲ ನಾನೇ ಬಡಬಡಿಸಿದೆ.

"ಹೋಗ್ಲಿ, ಔಷಧಿ?"

"ಇಲ್ಲ ಚಿಕ್ಕಮ್ಮ. ಎಲ್ಲೂ ಇಲ್ಲ."

"ಹಂಗಾದ್ರೆ ಇಷ್ಟು ವರ್ಷ ಓದಿದ್ದು ಏನೇ?"

ನಾನು ಅವಳನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋದೆ. ರೈಲು ಬರುವ ಹೊತ್ತಿಗೆ ಅವಳು ಇದ್ದಕ್ಕಿದ್ದಂತೆ ನನ್ನ ಕೈ ಹಿಡಿದಳು. "ನಿಮ್ಮಮ್ಮ, ನಾನು ಒಂದೇ ಹೊಟ್ಟೇಲಿ ಹುಟ್ಟಿದೋರು ಕಣೇ. ನಿನ್ ರಕ್ತ ನೋಡಿದ್ರಾ?"

"ನೋಡಿದಾರೆ. ಏನೂ ಕಾಣ್ಲಿಲ್ವಂತೆ."

"ಅಷ್ಟಾದ್ರೂ ಓದಿದ್ರಲ್ಲ, ಸಾಕು ಬಿಡು" ಎಂದು ಮಗನನ್ನು ಸೊಂಟಕ್ಕೇರಿಸಿಕೊಂಡು ರೈಲು ಹತ್ತಿದಳು. ಅವಳು ಒಂದು ಸಲ ನಮ್ಮನ್ನೆಲ್ಲ ಬಾಯಿಗೆ ಬಂದಂತೆ ಬೈದಿದ್ದರೆ ನನ್ನ ಜೀವಕ್ಕೆ ಸಮಾಧಾನವಾಗುತ್ತಿತ್ತು.

ಎಂಬತ್ತರ ದಶಕದ ಮೊದಲಿಗೆ ಹುಡುಗ ತೀರಿಕೊಂಡ. ನಮ್ಮಲ್ಲಿ ಸತ್ತವರನ್ನು ಕೂರಿಸಿ ಸಮಾಧಿ ಮಾಡುತ್ತಾರೆ. ಊರ ಹಿರಿಯರಿಗೆ ಎಂದೂ ಎದುರಾಡದ ಚಿಕ್ಕಮ್ಮ ಅಂದು ಅಡ್ಡ ನಿಂತಳು. "ಕೂತೂ ಕೂತೂ ಸಾಕಾಗೈತೆ ನನ್ ಮಗಂಗೆ. ಮಲಗಿಸ್ರಪ್ಪಾ, ಕಾಲು ನೀಡ್ಕೊಳ್ಲಿ."

"ನಮ್ಮಲ್ಲಿ ಹಂಗಿಲ್ಲ ಕಣವ್ವಾ" ಅಂದರು ಮಠದ ಅಯ್ಯನವರು. ಹುಡುಗನ ಕಾಲುಗಳು ಮಡಿಚಿಯೇ ಸೆಟೆದು ಎಷ್ಟೋ ವರ್ಷವಾಗಿತ್ತು, ಮಲಗಿಸಿದ್ದರೂ ನೆಟ್ಟಗಾಗುತ್ತಿರಲಿಲ್ಲ. ಅದನ್ನು ಅವಳಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಅವಳೇ ಹೋಗಿ ಆ ಕಾಲುಗಳನ್ನು ಒಮ್ಮೆ ನೀವಿ, ಎದ್ದು ಪಕ್ಕಕ್ಕೆ ಸರಿದಳು.

ಮಗ ಹೋದ ಮೇಲೂ ಅವಳು ಬಲಕ್ಕೆ ವಾಲಿಯೇ ನಡೆದಳು. ಕೆಲವು ವರ್ಷಕ್ಕೆ ಅವಳೂ ಹೋದಳು. ಸುದ್ದಿ ಬಂದಾಗ ನಾನು ಅದೇ ಕಾಲೇಜಿನ ಲ್ಯಾಬಿನಲ್ಲಿದ್ದೆ, ಓದು ಇನ್ನೂ ನಡೆಯುತ್ತಲೇ ಇತ್ತು. ಅಜ್ಜಂಪುರ ತಲುಪಿದಾಗ ಅವಳಿಗೆ ವಿಭೂತಿ ಹಚ್ಚಿ, ಹೂ ಮುಡಿಸಿ, ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದರು. ದೇಹ ಬಲಕ್ಕೆ ವಾಲುತ್ತಿತ್ತು. ನೆಟ್ಟಗೆ ಮಾಡಿದರೆ ಮತ್ತೆ ವಾಲುತ್ತಿತ್ತು. ಯಾರೋ ದಿಂಬು ತಂದರು. ಅದೂ ಜಾರಿತು.

ನಾನು ಹೋಗಿ ಅವಳ ಬಲಕ್ಕೆ ಹೆಗಲು ಕೊಟ್ಟು ಕೂತೆ. ಹೊತ್ತುಕೊಂಡು ಹೋಗುವವರೆಗೂ ಏಳಲಿಲ್ಲ. ಅಷ್ಟು ವರ್ಷ ಓದಿ ನಾನು ಚಿಕ್ಕಮ್ಮನಿಗೆ ಮಾಡಲಿಕ್ಕಾದದ್ದು ಅಷ್ಟೇ.